ಹೊಟ್ಟೆಯೇನು ಕಸದ ಬುಟ್ಟಿಯೇ?

ನಮ್ಮಮ್ಮ ಬಿಸಿ ಅನ್ನ ಉಂಡದ್ದನ್ನು ನಾನು ಕಂಡದ್ದು ಅಪರೂಪ. ಎಲ್ಲರಿಗೂ ಬಡಿಸಿದ ಮೇಲೆ ರಾತ್ರಿಯ ತಂಗಳನ್ನಕ್ಕೆ ನಿನ್ನೆಯ ಹುಳಿ ಕಲಸಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂರುತ್ತಿದ್ದಳು. "ಬಿಸಾಡೋಕೆ ಮನಸ್ಸು ಬರಲ್ಲ ಕಣೇ" ಎನ್ನುತ್ತಿದ್ದಳು. ಸಕ್ಕರೆ ಕಾಯಿಲೆ ಬಂದು ಡಾಕ್ಟರು ಅನ್ನ ಕಡಿಮೆ ಮಾಡಿ ಎಂದ ಮೇಲೂ ಉಳಿದದ್ದೆಲ್ಲ ಅವಳ ತಟ್ಟೆಗೇ. ನಾವು ಅದನ್ನು ಮಿತವ್ಯಯವೆಂದು ಹೊಗಳಿದೆವು. ಈಗ ಅದೇ ಕೆಲಸ ನಾನು ಮಾಡುತ್ತಿದ್ದೇನೆ. ನೀವೂ ಮಾಡುತ್ತಿದ್ದೀರಿ, ಇಲ್ಲವೆನ್ನಬೇಡಿ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, ನಮ್ಮ ದೇಶದ ಮನೆಗಳಿಂದ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ. ಸಿಪ್ಪೆ, ಬೀಜ ಎಲ್ಲ ಸೇರಿದ ಲೆಕ್ಕ ಅದು. ಇಂಥ ಸುದ್ದಿ ಬಂದೊಡನೆ ಉಪದೇಶ ಶುರು: "ಹೆಂಗಸರು ಅಳತೆಯಿಂದ ಅಡುಗೆ ಮಾಡಬೇಕು." ಸರಿ ಸ್ವಾಮಿ, ಅಳತೆ ಹೇಳುವವರು ಯಾರು? ಬೆಳಿಗ್ಗೆ "ರಾತ್ರಿ ಊಟಕ್ಕೆ ಬರ್ತೀರಾ?" ಎಂದರೆ "ನೋಡೋಣ." ರಾತ್ರಿ ಒಂಬತ್ತಕ್ಕೆ ಫೋನು: "ನಂದು ಹೊರಗೇ ಆಯ್ತು." ನಿನ್ನೆಯ ಪಲ್ಯ ಎಂದರೆ ಮಗನ ಮೂತಿ ಸೊಟ್ಟ. ನೆಂಟರು ಬಂದಾಗ ಪಾತ್ರೆ ಬರಿದಾದರೆ ಮನೆತನದ ಮರ್ಯಾದೆಯೇ ಹೋಯಿತೆಂದು ಅತ್ತೆಯವರ ಗೊಣಗು. ಉಳಿಸುವವರು ಎಲ್ಲರೂ, ಮುಗಿಸುವವಳು ಮಾತ್ರ ಒಬ್ಬಳು!

ಹಾಗೆಂದು ಚೆಲ್ಲೋಣವೇ? ಖಂಡಿತ ಬೇಡ. ಒಂದು ಕಿಲೋ ಅಕ್ಕಿ ಬೆಳೆಯಲು ಗದ್ದೆಗೆ ಸಾವಿರಾರು ಲೀಟರ್ ನೀರು ಬೇಕು. ಚೆಲ್ಲಿದ ಅನ್ನ ಕಸದ ರಾಶಿಯಡಿ ಗಾಳಿಯಿಲ್ಲದೆ ಕೊಳೆತು ಮಿಥೇನ್ ಅನಿಲವಾಗಿ ಭೂಮಿಯ ತಾಪ ಏರಿಸುತ್ತದೆ. ಬೆಂಗಳೂರಿನ ಕಸ ಹೊತ್ತು ಸಾಕಾದ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದದ್ದು ನೆನಪಿದೆಯಷ್ಟೆ. ಆ ನಾತದಲ್ಲಿ ನಮ್ಮ ಹಳಸಿದ ಸಾರಿನ ಪಾಲೂ ಇತ್ತು.

ನನ್ನ ತಕರಾರು ಉಳಿತಾಯದ ಮೇಲಲ್ಲ, ಅದರ ಭಾರವೆಲ್ಲ ಒಬ್ಬಳ ಹೊಟ್ಟೆಯ ಮೇಲೆ ಬೀಳುವುದರ ಮೇಲೆ. ಅದಕ್ಕೇ ನಮ್ಮ ಮನೆಯಲ್ಲೊಂದು ಕಾಯಿದೆ ಮಾಡಿದ್ದೇನೆ. ಊಟಕ್ಕೆ ಬಾರದವರು ಸಂಜೆ ಐದರೊಳಗೆ ಹೇಳಬೇಕು. ಹೇಳದಿದ್ದರೆ ಅವರ ಪಾಲು ಫ್ರಿಜ್ಜಿಗೆ, ಮರುದಿನ ಅವರದೇ ತಟ್ಟೆಗೆ. ಉಳಿದನ್ನದ ಚಿತ್ರಾನ್ನ ಮಾಡಿದರೆ ಎಲ್ಲರಿಗೂ ಚಿತ್ರಾನ್ನವೇ. ಹೀರೇಕಾಯಿ ಸಿಪ್ಪೆಗೆ ಚಟ್ನಿ, ಕಲ್ಲಂಗಡಿಯ ಬಿಳಿ ತಿರುಳಿಗೆ ದೋಸೆ. ಮಿಕ್ಕ ಸಿಪ್ಪೆ ಹಿತ್ತಲಿನ ತೂತಿನ ಮಡಕೆಗೆ, ಮೇಲೊಂದು ಹಿಡಿ ಒಣಗಿದೆಲೆ. ಅದು ಮಗನ ಕೆಲಸ. ರಾತ್ರಿಯಿಡೀ ಹೊರಗೇ ಉಳಿದ ಅನ್ನವೂ ಆ ಮಡಕೆಗೇ. ಅದರಲ್ಲಿ ಬೆಳೆಯುವ ಒಂದು ಬಗೆಯ ಸೂಕ್ಷ್ಮಜೀವಿಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಅನ್ನಪೂರ್ಣೆಯೇನೂ ಕೋಪಿಸಿಕೊಳ್ಳಳು.

ಮೊದಲ ವಾರ ನಮ್ಮನೆಯವರು ಎರಡು ದಿನ ನಿನ್ನೆಯ ಹುಳಿಯನ್ನ ಉಂಡರು. ಮೂರನೆಯ ದಿನ ನಾಲ್ಕೂವರೆಗೇ ಫೋನು ಬಂತು: "ಇವತ್ತು ಊಟಕ್ಕೆ ಬರಲ್ಲ ಕಣೇ." ಆ ರಾತ್ರಿ ಒಂದು ಪಾವು ಅಕ್ಕಿ ಕಡಿಮೆ ಹಾಕಿದೆ. ಮಕ್ಕಳ ಜೊತೆ ಕೂತು ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಉಂಡೆ. ಅಮ್ಮನ ನೆನಪಾಗಿ ಗಂಟಲು ಕಟ್ಟಿತು.