ಬೇಸರಕ್ಕೆ ಅಂಜಬೇಡಿ



ಮಠಕ್ಕೆ ಬರುವ ತಂದೆತಾಯಿಗಳಿಂದ ನಾವು ಪದೇ ಪದೇ ಕೇಳುವ ದೂರೊಂದುಂಟು: “ಬುದ್ಧಿ, ರಜೆ ಬಂತೆಂದರೆ ಮಗುವಿಗೆ ಬೇಸರ, ಏನು ಮಾಡೋಣ?” ಪರಿಹಾರವನ್ನು ಅವರು ಆಗಲೇ ಕಂಡುಕೊಂಡಿರುತ್ತಾರೆ. ಮಗುವಿನ ಕೈಗೆ ಮೊಬೈಲನ್ನು ಕೊಡುವುದು. ಅದೂ ಸಾಲದಾದರೆ ಬೇಸಿಗೆ ಶಿಬಿರಕ್ಕೂ ಮನೆಪಾಠಕ್ಕೂ ಅಟ್ಟುವುದು. ಬೇಸರವೆಂಬುದು ರೋಗ, ಅದನ್ನು ಕೂಡಲೇ ಓಡಿಸಬೇಕು ಎಂಬ ಈ ನಂಬಿಕೆಯನ್ನು ನಾವು ಒಪ್ಪಲಾರೆವು.

ಇದೇ ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದು ‘ಆಕಾಶವಾಣಿ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆ ಕಾಲದ ಬಾನುಲಿಗೆ ಹೊತ್ತುಗೊತ್ತಿತ್ತು. ಅನಂತರ ಬಂದ ದೂರದರ್ಶನವೂ ಮೊದಮೊದಲು ಸಂಜೆಗೆ ತೊಡಗಿ ರಾತ್ರಿಗೆ ಮುಗಿಯುತ್ತಿತ್ತು. ಉಳಿದ ಹೊತ್ತು ಮನೆಯವರದಾಗಿತ್ತು. ಇಂದು ಅಂಗೈಯಲ್ಲಿರುವ ಯಂತ್ರಕ್ಕೆ ಮುಕ್ತಾಯವೇ ಇಲ್ಲ. ಒಂದು ದೃಶ್ಯ ಮುಗಿಯುತ್ತಲೇ ಮತ್ತೊಂದು ತಾನಾಗಿ ಬರುತ್ತದೆ. ನಮ್ಮ ಗಮನವನ್ನು ಜಾಹೀರಾತುದಾರರಿಗೆ ಮಾರಿ ಬದುಕುವವರು ಮಾಡಿದ ಏರ್ಪಾಡಿದು.

ವೀರಶೈವರಿಗೆ ಅಂಗೈಯೆಂಬುದು ಇಷ್ಟಲಿಂಗದ ಪೀಠ. ಅಲ್ಲಿ ದೃಷ್ಟಿಯಿಟ್ಟು ಕುಳಿತವರೆಲ್ಲರೂ ಬಲ್ಲ ಸಂಗತಿಯೆಂದರೆ, ಕೆಲವೇ ನಿಮಿಷಗಳಲ್ಲಿ ಮನಸ್ಸು ಬೇಸರಗೊಳ್ಳುತ್ತದೆ. ಎದ್ದುಹೋದವನಿಗೆ ಪೂಜೆ ಅಲ್ಲಿಗೇ ಮುಗಿಯುತ್ತದೆ. ಕುಳಿತೇ ಇದ್ದವನಿಗೆ ಅಲ್ಲಿಂದ ಆರಂಭವಾಗುತ್ತದೆ. ದೀಕ್ಷೆ ಪಡೆದ ಬಾಲಕರು “ಐದು ನಿಮಿಷವೂ ಕೂರಲಾಗುವುದಿಲ್ಲ ಬುದ್ಧಿ” ಎಂದಾಗ ನಾವು ಅವರನ್ನು ದೂಷಿಸಲಾರೆವು. ಬರಿದಾದ ಹೊತ್ತೆಂದರೇನೆಂದು ತಿಳಿಯದಂತೆ ಅವರನ್ನು ಬೆಳೆಸಿದವರು ಹಿರಿಯರಾದ ನಾವೇ.

“ಹಾಗಾದರೆ ಸೋಮಾರಿತನವನ್ನು ಹೊಗಳುವಿರಾ? ಕಾಯಕತತ್ತ್ವವೆಲ್ಲಿ ಹೋಯಿತು?” ಎಂದು ನೀವು ಕೇಳಬಹುದು. ಶರಣ ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಜೇಡರ ದಾಸಿಮಯ್ಯನವರು ಬಟ್ಟೆ ನೇಯ್ದರು. ಅದೇ ಹುಲ್ಲು, ಅದೇ ನೂಲು, ಅದೇ ಕೈಚಲನೆ, ದಿನದಿನವೂ. ಬೇಸರವನ್ನು ಸಹಿಸಲಾರದವನಿಂದ ಯಾವ ಕಾಯಕವೂ ಕೊನೆಮುಟ್ಟದು. ಆದರೆ ತಿಂಗಳುಗಟ್ಟಲೆ ಯಾವುದರಲ್ಲಿಯೂ ಆಸಕ್ತಿ ಹುಟ್ಟದಿದ್ದರೆ ಅದು ಬೇರೆಯೇ ವ್ಯಾಧಿ. ಅದಕ್ಕೆ ವೈದ್ಯರನ್ನು ಕಾಣಲೇಬೇಕು. ಒಂಟಿಯಾದ ವೃದ್ಧರ ಬೇಸರಕ್ಕೆ ಮಕ್ಕಳ ಸಂಗವೇ ಮದ್ದು. ನಾವು ಹೇಳುತ್ತಿರುವುದು ಆಗಾಗ ಬಂದು ಹೋಗುವ ಸಾಮಾನ್ಯ ಬೇಸರದ ಮಾತು.

ಮಠದ ವಿದ್ಯಾರ್ಥಿನಿಲಯದಲ್ಲಿ ಬೆಳೆದವರೇ, ನಿಮ್ಮ ಭಾನುವಾರದ ಮಧ್ಯಾಹ್ನಗಳನ್ನು ನೆನೆಯಿರಿ. ಪ್ರಸಾದವಾದ ಮೇಲೆ ಮಾಡಲೇನೂ ಇರುತ್ತಿರಲಿಲ್ಲ. ಬೇಸತ್ತು ಕೆಲವರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಿರಿ. ಕೆಲವರು ಯಾರೂ ಓದೆಂದು ಹೇಳದ ಪುಸ್ತಕವನ್ನು ತೆರೆದಿರಿ. ಆ ಬೇಸರ ನಿಮಗೆ ಕೊಟ್ಟ ಭಾಗ್ಯವನ್ನು ನಿಮ್ಮ ಮಕ್ಕಳಿಗೆ ತಪ್ಪಿಸಬಹುದೇ?

ದಿನಕ್ಕೊಂದು ಗಂಟೆಯಾದರೂ ಮನೆಮಂದಿಯೆಲ್ಲ ಆ ಯಂತ್ರವನ್ನು ದೂರವಿಡಿ. ಮೊದಲು ಹಿರಿಯರು, ಆಮೇಲೆ ಮಕ್ಕಳು. “ಬೇಸರ” ಎಂದು ಮಗು ಬಂದರೆ “ಆಗಲಿ ಕಂದ” ಎಂದಷ್ಟೇ ಹೇಳಿ ಸುಮ್ಮನಿರಿ. ಮುಂದಿನದನ್ನು ಅದೇ ಕಂಡುಕೊಳ್ಳುತ್ತದೆ. ಸುಮ್ಮನಿರುವ ಆ ಧೈರ್ಯವನ್ನು ಶಿವನು ನಿಮಗೆ ಕರುಣಿಸಲಿ.