ರೆಕ್ಕೆಗೆ ಕ್ಯಾಮೆರಾ, ಹುಳುವಿಗೆ ವಿಷ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಗೂರು ಒಂದು ಹೋಬಳಿ. ಕಬ್ಬು, ಭತ್ತ, ತೆಂಗು, ಹಿಪ್ಪುನೇರಳೆ ಬೆಳೆಯುವ ಸೀಮೆ. ಅಲ್ಲಿಂದ ಭಾನುವಾರ ಬೆಳಗಿನ ಬಸ್ಸು ಹಿಡಿದು ಹೊರಟ ನಾಲ್ವರು ವಿದ್ಯಾರ್ಥಿ ಗೆಳೆಯರನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಒಬ್ಬನ ಹೆಗಲಲ್ಲಿ ಎರವಲು ತಂದ ಕ್ಯಾಮೆರಾ, ಉಳಿದವರ ಕೈಯಲ್ಲಿ ಮೊಬೈಲು, ಚೀಲದಲ್ಲಿ ಚಿತ್ರಾನ್ನದ ಬುತ್ತಿ. ಬನ್ನೇರುಘಟ್ಟದ ಚಿಟ್ಟೆ ಉದ್ಯಾನದಲ್ಲಿ ದಿನವಿಡೀ ಚಿತ್ರ ತೆಗೆದು, ಸಂಜೆ ಊರಿಗೆ ಮರಳಿ, ನೆರೆಹೊರೆಯವರಿಗೆ ತೋರಿಸುತ್ತಾರೆ. ನೋಡಿದವರು ಮೆಚ್ಚುತ್ತಾರೆ. ಅದೇ ದಿನ ಅವರಲ್ಲೊಬ್ಬನ ಮನೆಯ ಹೊಲದಲ್ಲಿ, ಬದುವಿನ ಮೇಲಿದ್ದ ಎಕ್ಕ, ತಂಗಡಿ, ಹರಳು, ಬೇಲಿಗೆ ಹಬ್ಬಿದ ಈಶ್ವರಿ ಬಳ್ಳಿ ಎಲ್ಲವೂ ಕಳೆನಾಶಕಕ್ಕೆ ಸಿಕ್ಕಿ ಬಾಡತೊಡಗಿರುತ್ತವೆ. ಅದರ ಚಿತ್ರವನ್ನು ಯಾರೂ ತೆಗೆಯುವುದಿಲ್ಲ.

ಈ ಎರಡು ಸಂಗತಿಗಳಿಗೂ ಸಂಬಂಧವಿಲ್ಲವೆಂದು ತಿಳಿದಿರುವುದೇ ಇಂದಿನ ನಿಸರ್ಗಪ್ರೇಮದ ದೊಡ್ಡ ದೋಷ. ಚಿಟ್ಟೆಯೆಂದರೆ ರೆಕ್ಕೆ, ರೆಕ್ಕೆಯೆಂದರೆ ಬಣ್ಣ, ಬಣ್ಣವೆಂದರೆ ಚಿತ್ರ: ಇಷ್ಟಕ್ಕೇ ಪ್ರೀತಿ ನಿಂತುಬಿಟ್ಟಿದೆ. ಆ ರೆಕ್ಕೆ ಮೂಡುವ ಮೊದಲು ಅದೊಂದು ಹುಳುವಾಗಿತ್ತು, ಆ ಹುಳುವಿಗೆ ತಿನ್ನಲು ಒಂದು ಸೊಪ್ಪು ಬೇಕಿತ್ತು, ಆ ಸೊಪ್ಪಿನ ಗಿಡಕ್ಕೆ ಬೇರೂರಲು ಅಂಗೈ ಅಗಲದ ನೆಲ ಬೇಕಿತ್ತು ಎಂಬುದನ್ನು ಮರೆತ ಪ್ರೀತಿಯಿದು.

ಉದ್ಯಾನದ ಮಿತಿ

ಬನ್ನೇರುಘಟ್ಟದ ಉದ್ಯಾನವನ್ನು ಹೀಗಳೆಯುವುದು ಇಲ್ಲಿನ ಉದ್ದೇಶವಲ್ಲ. 2006ರಲ್ಲಿ ಆರಂಭವಾದ ಅದು ದೇಶದ ಮೊತ್ತಮೊದಲ ಚಿಟ್ಟೆ ಉದ್ಯಾನವೆಂಬ ಹೆಸರು ಪಡೆದಿದೆ. ಸುಮಾರು ಏಳೂವರೆ ಎಕರೆ ಜಾಗ. ಅದರೊಳಗೆ 10,000 ಚದರಡಿಯ ದುಂಡನೆಯ ಆವರಣ, ಮೇಲೆ ಪಾಲಿಕಾರ್ಬೊನೇಟ್ ಚಾವಣಿ. ಒಳಗೆ ಹೂಗಿಡಗಳು, ಹುಳುಗಳಿಗೆ ಬೇಕಾದ ಸೊಪ್ಪಿನ ಗಿಡಗಳು, ತೇವ ಉಳಿಸುವ ವ್ಯವಸ್ಥೆ. ಪಕ್ಕದಲ್ಲಿ ವಸ್ತುಸಂಗ್ರಹಾಲಯವೂ ಇದೆ. ನಗರದಲ್ಲಿ ಹುಟ್ಟಿ ಬೆಳೆದ ಮಗು ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂಬ ನಾಲ್ಕು ಅವಸ್ಥೆಗಳನ್ನು ಒಂದೇ ಕಡೆ ನೋಡುವುದಾದರೆ ಅದು ಒಳ್ಳೆಯದೇ.

ಆದರೆ ಉದ್ಯಾನ ನಡೆಸುವವರಿಗೆ ತಿಳಿದಿರುವ ಒಂದು ಸತ್ಯ ಅಲ್ಲಿಗೆ ಬಂದು ಹೋಗುವವರ ತಲೆಗೆ ಹೋಗುವುದಿಲ್ಲ. ಅಷ್ಟು ಖರ್ಚಿನ ಚಾವಣಿಯ ಕೆಳಗೂ ಚಿಟ್ಟೆಯನ್ನು ಉಳಿಸುವುದು ಚಾವಣಿಯಲ್ಲ, ಸೊಪ್ಪು. ಕರಿಬೇವು, ನಿಂಬೆ, ಎಕ್ಕ, ಈಶ್ವರಿ ಬಳ್ಳಿಗಳನ್ನು ಬೆಳೆಸದೆ ಯಾವ ಚಿಟ್ಟೆ ಮನೆಯೂ ನಡೆಯದು. ಹಾಗಿರುವಾಗ ಅವೇ ಗಿಡಗಳು ತಾವಾಗಿ ಹುಟ್ಟುವ ಊರಿನವರು, ಅವನ್ನು ಮನೆಯಲ್ಲಿ ಕಳೆಯೆಂದು ಸುಟ್ಟು, ದೂರದ ಆವರಣದಲ್ಲಿ ಟಿಕೆಟ್ಟು ಕೊಟ್ಟು ನೋಡುವುದನ್ನು ಏನೆಂದು ಕರೆಯಬೇಕು? ಮನೆಯ ಬಾವಿಗೆ ಮಣ್ಣು ಸುರಿದು, ಪೇಟೆಯಲ್ಲಿ ನೀರಿನ ಬಾಟಲಿ ಕೊಂಡಂತಾಯಿತು!

ಹಸಿದ ಹುಳುವಿನ ಹಟ

ಚಿಟ್ಟೆಗೆ ಯಾವ ಹೂವಾದರೂ ಆದೀತು. ಮಕರಂದ ಸಿಕ್ಕಿದರೆ ಸಾಕು. ಹುಳು ಹಾಗಲ್ಲ. ಅದಕ್ಕೆ ತನ್ನದೇ ಸೊಪ್ಪು ಬೇಕು, ಇಲ್ಲವಾದರೆ ಉಪವಾಸವಿದ್ದು ಸಾಯುತ್ತದೆಯೇ ಹೊರತು ಬೇರೊಂದನ್ನು ಮುಟ್ಟುವುದಿಲ್ಲ. ಕಂದು ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಎಂಬ ಚಿಟ್ಟೆ ಎಕ್ಕದ ಗಿಡವನ್ನು ಹುಡುಕಿ ಮೊಟ್ಟೆಯಿಡುತ್ತದೆ. ಎಕ್ಕದ ಹಾಲಿನ ವಿಷವನ್ನು ಹುಳು ಮೈಗೂಡಿಸಿಕೊಳ್ಳುವುದರಿಂದ ಹಕ್ಕಿಗಳು ಅದರ ಗೊಡವೆಗೆ ಹೋಗುವುದಿಲ್ಲ. ತಂಗಡಿ, ಕಕ್ಕೆಗಳ ಎಲೆ ಹಳದಿ ಬಿಳುಪಿನ ಎಮಿಗ್ರಂಟ್ ಚಿಟ್ಟೆಗಳ ಹುಳುಗಳಿಗೆ ಆಹಾರ. ಹರಳಿನ ಎಲೆಯ ಮೇಲೆ ಕಾಮನ್ ಕ್ಯಾಸ್ಟರ್ ಬೆಳೆಯುತ್ತದೆ. ಹಿತ್ತಿಲಿನ ಕರಿಬೇವು, ನಿಂಬೆ ಗಿಡಗಳ ಎಳೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳು, ಮುಂದೆ ಕಪ್ಪು ರೆಕ್ಕೆಯ ಕಾಮನ್ ಮಾರ್ಮನ್ ಆಗಿ ಹಾರುತ್ತದೆ. ಹಿತ್ತಿಲಿನಲ್ಲಿ ಅದನ್ನು ಕಂಡವರು ಮಾಡುವ ಮೊದಲ ಕೆಲಸವೆಂದರೆ ಕಿತ್ತು ಬೂದಿಗೆ ಎಸೆಯುವುದು.

ಇದೇ ಮಾತು ಘಟ್ಟದ ಮೇಲಿನವರಿಗೂ ಅನ್ವಯಿಸುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲ. ಪ್ರವಾಸಿ ಪುಸ್ತಿಕೆಗಳಲ್ಲಿ, ಗೋಡೆಯ ಕ್ಯಾಲೆಂಡರುಗಳಲ್ಲಿ ಅದರ ಚಿತ್ರಕ್ಕೆ ಬರವಿಲ್ಲ. ಅದರ ಹುಳು ಬದುಕುವುದು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಗಿಡಗಳ ಮೇಲೆ. ಅಡಿಕೆ ತೋಟದ ಅಂಚು, ಕಾಫಿ ತೋಟದ ಬೇಲಿ, ಕಾನಿನ ಬದಿಗಳನ್ನು ಚೊಕ್ಕಟ ಮಾಡುವ ಕತ್ತಿಗೂ ಕಳೆನಾಶಕಕ್ಕೂ ಮೊದಲು ಬಲಿಯಾಗುವುದು ಇಂಥ ಬಳ್ಳಿಗಳೇ. ಚಿಟ್ಟೆಗೆ ರಾಜ್ಯದ ಗೌರವ. ಅದು ತಿನ್ನುವ ಬಳ್ಳಿಗೆ ಬೇಲಿಯ ಮೇಲೂ ಜಾಗವಿಲ್ಲ. ಅಂಗಳದಲ್ಲಿ ದಕ್ಷಿಣ ಅಮೆರಿಕದ ಲಂಟಾನ ನೆಟ್ಟು ಚಿಟ್ಟೆ ತೋಟವೆಂದು ಫಲಕ ಹಾಕಿದರೆ ಲೆಕ್ಕ ಸರಿಹೋಗುವುದಿಲ್ಲ. ಅದು ಊಟವಿಟ್ಟು ತೊಟ್ಟಿಲನ್ನು ಮುರಿದ ಮನೆ.

ಘಟ್ಟಕ್ಕೂ ಬಯಲಿಗೂ ಇರುವ ನಂಟು ಇನ್ನೂ ನೇರವಾದುದು. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕ್ರೋ ಎಂಬ ಚಿಟ್ಟೆಗಳು ಮುಂಗಾರು ಹಿಡಿಯುವುದಕ್ಕೆ ಸ್ವಲ್ಪ ಮೊದಲು ಪಶ್ಚಿಮಘಟ್ಟದಿಂದ ಪೂರ್ವದ ಬಯಲಿನ ಕಡೆಗೆ ಗುಂಪುಗುಂಪಾಗಿ ವಲಸೆ ಹೋಗುತ್ತವೆ. ಮಳೆಗಾಲ ಮುಗಿದು ಅಕ್ಟೋಬರ್, ನವೆಂಬರ್ ಬಂದಾಗ ವಲಸೆ ಘಟ್ಟದತ್ತ ತಿರುಗುತ್ತದೆ. ಬಯಲಿನ ರೈತರು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬಿನ ಜಾತಿಯ ಗಿಡಗಳಲ್ಲಿ ಈ ಚಿಟ್ಟೆಗಳ ಗಂಡುಗಳಿಗೆ ಬೇಕಾದ ಸಾರವೊಂದಿದೆ. ಒಣಗಿದ ಗಿಡಕ್ಕೂ ಅವು ಮುತ್ತಿಕೊಂಡು ಹೀರುತ್ತವೆ. ಹೀಗಿರುವಾಗ ಮಲೆನಾಡಿನಲ್ಲಿ ಕಾಡು ಉಳಿಸಿದೆವು, ಬಯಲಿನವರ ಹೊಲದ ಸುದ್ದಿ ಘಟ್ಟದವರಿಗೇಕೆ ಎನ್ನುವಂತಿಲ್ಲ. ಆತಗೂರಿನಂಥ ಬಯಲುಸೀಮೆಯ ಬದು ಬೋಳಾದರೆ ಅದರ ನಷ್ಟ ಘಟ್ಟದ ತೊರೆಯ ದಂಡೆಯಲ್ಲೂ ಕಾಣಿಸೀತು.

ಹುಳುವನ್ನು ಸಾಕಿದ ನಾಡು

ಹುಳುವೆಂದರೆ ಅಸಹ್ಯ, ಅದನ್ನು ಉಳಿಸಿರೆಂದರೆ ರೈತರು ನಗುತ್ತಾರೆ ಎನ್ನುವವರು ಮದ್ದೂರು ಮಳವಳ್ಳಿಯ ಹಳ್ಳಿಗಳನ್ನು ಸರಿಯಾಗಿ ನೋಡಿಲ್ಲ. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಕೃಷಿ ಇಲ್ಲಿನ ಎಷ್ಟೋ ಮನೆಗಳ ಒಲೆ ಉರಿಸಿದೆ. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಅಲುಗಿಸಬಾರದು ಎಂಬುದು ಹುಳು ಮನೆಯಲ್ಲಿ ಬೆಳೆದ ಮಕ್ಕಳಿಗೂ ಗೊತ್ತು. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ಹೆಣ್ಣುಮಕ್ಕಳ ಕೈಯ ನಾಜೂಕು ಯಾವ ಛಾಯಾಗ್ರಾಹಕನಿಗೂ ಇರಲಾರದು. ಹಿಪ್ಪುನೇರಳೆಗೆ ತಗುಲಿದ ವಿಷ ಹುಳುವನ್ನು ಕೊಲ್ಲುತ್ತದೆಂದು ತಿಳಿದೇ, ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೆ ಗಾಳಿ ಯಾವ ಕಡೆಗಿದೆಯೆಂದು ನೋಡುತ್ತಾರೆ, ನೆರೆಯವರೊಂದಿಗೆ ಜಗಳಕ್ಕೂ ನಿಲ್ಲುತ್ತಾರೆ.

ಅಂದಮೇಲೆ ಸೊಪ್ಪಿಗೂ ಹುಳುವಿಗೂ ವಿಷಕ್ಕೂ ಇರುವ ಸಂಬಂಧದ ಅರಿವು ಈ ಜನಕ್ಕೆ ಹೊರಗಿನಿಂದ ಬರಬೇಕಾಗಿಲ್ಲ. ಗೂಡಿಗೆ ರಾಮನಗರದ ಮಾರುಕಟ್ಟೆಯಲ್ಲಿ ಬೆಲೆಯುಂಟು, ಆದ್ದರಿಂದ ಆ ಹುಳುವಿಗೆ ಮಗುವಿನ ಆರೈಕೆ. ಎಕ್ಕದ ಮೇಲಿನ ಹುಳುವಿಗೆ ಬೆಲೆಯಿಲ್ಲ, ಆದ್ದರಿಂದ ಅದಕ್ಕೆ ವಿಷ. ಕೊರತೆಯಿರುವುದು ತಿಳಿವಳಿಕೆಯದಲ್ಲ, ಬೆಲೆ ಕಟ್ಟಲಾಗದುದನ್ನೂ ಬದುಕಗೊಡಬೇಕೆಂಬ ಮನಸ್ಸಿನದು.

ಆ ಮನಸ್ಸೂ ಈ ತಾಲ್ಲೂಕಿಗೆ ಹೊಸದೇನಲ್ಲ. ಇದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ, ಆಲದ ಜಾತಿಯ ಮರಗಳಲ್ಲಿ ಗೂಡು ಕಟ್ಟುತ್ತವೆ. ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳಂತೆ ಅವನ್ನು ಊರವರು ಕಾಣುತ್ತಾರೆ. ಹುಣಸೆಯ ಫಸಲು ಕಳೆದುಕೊಂಡವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿಯೂ ಬಂತು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅಲ್ಲಿ ಹಕ್ಕಿಗೆ ಬಲೆಯ ಮನೆ ಕಟ್ಟಲಿಲ್ಲ, ಮರವನ್ನು ಉಳಿಸಿದರು. ಹಕ್ಕಿಗೆ ಸಲ್ಲುವ ನ್ಯಾಯ ಚಿಟ್ಟೆಗೇಕೆ ಸಲ್ಲದು?

ದಕ್ಷಿಣ ಕನ್ನಡದ ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಅವರು ರೂಪಿಸಿದ ಚಿಟ್ಟೆ ಉದ್ಯಾನವೂ ಇದೇ ದಾರಿಯನ್ನು ತೋರಿಸುತ್ತದೆ. ಅದಕ್ಕೆ ಚಾವಣಿಯಿಲ್ಲ. ಹುಳುವಿನ ಸೊಪ್ಪು, ಚಿಟ್ಟೆಯ ಹೂವು ಎರಡನ್ನೂ ಬೆಳೆಸಿದ್ದರಿಂದ ಚಿಟ್ಟೆಗಳು ತಾವಾಗಿ ಬಂದು ಹೋಗುತ್ತವೆ. ಉದ್ಯಾನವೇ ಬೇಕೆನ್ನುವವರು ಮೊದಲು ಇಂಥದನ್ನು ಹೋಗಿ ನೋಡಲಿ.

ಬಡವನ ಬದು

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹುಸಿಯಲ್ಲ. ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ಎರಡು ಎಕರೆಯ ರೈತ ಕಳೆನಾಶಕ ಕೊಳ್ಳದೆ ಏನು ಮಾಡಬೇಕು? ಕ್ಯಾಮೆರಾ ಹಿಡಿದ ಹುಡುಗರು ಅವನಿಗೆ ಪಾಠ ಹೇಳುವುದು ಎಷ್ಟು ಸರಿ?

ಸರಿಯಲ್ಲ, ನಿಜ. ಆದರೆ ಚಿಟ್ಟೆ ಕೇಳುವುದು ಹೊಲವನ್ನಲ್ಲ, ಬದುವನ್ನು. ಬೆಳೆಯ ಸಾಲಿನ ಕಳೆ ಬೇರೆ, ತೆವರಿಯ ಮೇಲಿನ ಗಿಡ ಬೇರೆ. ತೆವರಿಯ ಹುಲ್ಲು ದನಕ್ಕೆ ಮೇವು, ಅಲ್ಲಿನ ಬೇರು ಮಣ್ಣಿಗೆ ಹಿಡಿತ, ಅಲ್ಲಿನ ಎಷ್ಟೋ ಗಿಡ ಮನೆಮದ್ದು. ಅದನ್ನು ಸುಡುವುದರಿಂದ ಫಸಲು ಹೆಚ್ಚುವುದಿಲ್ಲ. ಚೊಕ್ಕಟವೆಂಬ ಹೆಸರು ಬರುತ್ತದೆ, ಅಷ್ಟೇ. ಕಳೆನಾಶಕ ಮಾರುವವರು ಹೊಲದಿಂದ ಬದುವಿಗೆ, ಬದುವಿನಿಂದ ಹಿತ್ತಿಲಿಗೆ ಅದರ ಬಳಕೆಯನ್ನು ಹಿಗ್ಗಿಸುತ್ತ ಬಂದಿದ್ದಾರೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸಿ ಆದೇಶ ಹೊರಡಿಸಿತು. ಮನುಷ್ಯರ, ಪ್ರಾಣಿಗಳ ಆರೋಗ್ಯಕ್ಕೆ ಅಪಾಯವೆಂದು ಸರ್ಕಾರವೇ ಅಳುಕಿದ ವಸ್ತುವನ್ನು ಬೆನ್ನಿಗೆ ಕ್ಯಾನು ಕಟ್ಟಿ, ಬರಿಗಾಲಿನಲ್ಲಿ ನಿಂತು ಸಿಂಪಡಿಸುವವನೂ ಅದೇ ಎರಡು ಎಕರೆಯ ರೈತ ತಾನೆ? ಬದು ಉಳಿಸಿರೆಂಬ ಮಾತು ಅವನ ವಿರುದ್ಧವಾದುದಲ್ಲ, ಅವನ ಪರವಾದುದು.

ಇನ್ನು ಕ್ಯಾಮೆರಾ ಹಿಡಿದವರ ವಿಷಯ. ಚಿಟ್ಟೆಯನ್ನು ಹಿಡಿದು ತಣ್ಣಗಾಗಿಸಿ, ಜಡವಾದಾಗ ಹೂವಿನ ಮೇಲೆ ಕೂರಿಸಿ ಚಿತ್ರ ತೆಗೆಯುವ ಕೆಟ್ಟ ಚಾಳಿ ಉಂಟು. ಅದು ಛಾಯಾಗ್ರಹಣವಲ್ಲ, ಹಿಂಸೆ. ರೆಕ್ಕೆಯ ಬಣ್ಣವೆಲ್ಲ ನುಣ್ಣನೆಯ ಹುರುಪೆಗಳದು. ಬೆರಳು ತಾಗಿದರೆ ಉದುರುತ್ತದೆ, ಮತ್ತೆ ಬೆಳೆಯುವುದಿಲ್ಲ. ಒಳ್ಳೆಯ ಚಿತ್ರಕ್ಕೆ ಬೇಕಾದುದು ಬೆಳಗಿನ ಬಿಸಿಲು ಮತ್ತು ತಾಳ್ಮೆ. ರಾತ್ರಿಯ ಚಳಿಗೆ ಮರಗಟ್ಟಿದ ಚಿಟ್ಟೆ ಹಾರುವ ಮೊದಲು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತದೆ. ಆ ಹೊತ್ತಿಗೆ ಸ್ವಂತ ಊರಿನ ಬದುವಿನ ಮೇಲಿರುವವನಿಗೆ ಅದು ಸಿಗುತ್ತದೆ. ದೂರದೂರಿನ ಬಸ್ಸಿನಲ್ಲಿ ಕುಳಿತವನಿಗಲ್ಲ.

ಆದ್ದರಿಂದ ವಿದ್ಯಾರ್ಥಿಗಳು ಉದ್ಯಾನಕ್ಕೆ ಹೋಗಬಾರದೆಂದಲ್ಲ. ಒಮ್ಮೆ ಹೋಗಿ, ಅಲ್ಲಿ ಯಾವ ಹುಳುವಿಗೆ ಯಾವ ಸೊಪ್ಪು ಹಾಕುತ್ತಾರೆಂದು ಬರೆದುಕೊಂಡು ಬರಲಿ. ಮರುದಿನ ತಮ್ಮ ಊರಿನ ಒಂದು ಬದು, ಒಂದು ಬೇಲಿ, ಶಾಲೆಯ ಹಿಂದಿನ ಒಂದು ತುಂಡು ನೆಲವನ್ನು ಆರಿಸಿಕೊಂಡು, ಅಲ್ಲಿ ಆ ಗಿಡಗಳಲ್ಲಿ ಎಷ್ಟು ಉಳಿದಿವೆಯೆಂದು ಎಣಿಸಲಿ. ರೆಕ್ಕೆಯ ಜತೆಗೆ ಮೊಟ್ಟೆ, ಹುಳು, ಕೋಶ, ಸೊಪ್ಪಿನ ಚಿತ್ರವನ್ನೂ ತೆಗೆಯಲಿ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಆ ಪುಸ್ತಕವನ್ನು ತೆಗೆಸಿ, ಬದುವಿನ ಗಿಡಗಳಿಗೆ ಅದರಲ್ಲಿ ಜಾಗ ಕೇಳಲಿ. ರಸ್ತೆಬದಿಗೆ, ಗೋಮಾಳದ ಅಂಚಿಗೆ, ಶಾಲೆಯ ಆವರಣಕ್ಕೆ ಕಳೆನಾಶಕ ಹೊಡೆಯಕೂಡದೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಲಿ. ಇದಕ್ಕೆ ಯಾವ ಅನುದಾನವೂ ಬೇಡ.

ಮುಂಗಾರಿನ ಮೊದಲ ಮಳೆಗೆ ತಂಗಡಿ ಚಿಗುರುತ್ತದೆ, ಈಶ್ವರಿ ಬಳ್ಳಿ ಮತ್ತೆ ಬೇಲಿ ಹತ್ತುತ್ತದೆ. ಈ ಸಲ ಅದನ್ನು ಬಿಟ್ಟುಬಿಡಬೇಕು. ಮನೆಯ ಬದುವಿನಲ್ಲಿ ಹುಳುವನ್ನು ಉಳಿಸಿದವನಿಗೆ ಮಾತ್ರ ಚಿಟ್ಟೆಯ ಚಿತ್ರ ತೆಗೆಯುವ ಹಕ್ಕುಂಟು.