ಪಂಚಾಯಿತಿಗೆ ಬಂದ ಕಾಗದ ಓದಲು ಮೂವತ್ತೇ ದಿನ

ಗ್ರಾಮ ಪಂಚಾಯಿತಿಯ ಅಧ್ಯಕ್ಷರೇ, ಸದಸ್ಯರೇ, ಪಿಡಿಓಗಳೇ, ಊರಿನ ಬಂಧುಗಳೇ,

ನಿಮ್ಮ ಪಂಚಾಯಿತಿಯ ಗಡಿಯೊಳಗೆ ಒಂದು ಕಲ್ಲುಕ್ವಾರಿಗೋ ಡಿಸ್ಟಿಲರಿಗೋ ಔಷಧ ಕಾರ್ಖಾನೆಗೋ ಪರಿಸರ ಅನುಮತಿ ಸಿಕ್ಕಿತು ಎಂದಿಟ್ಟುಕೊಳ್ಳಿ. ಆ ಅನುಮತಿ ಪತ್ರದ ಒಂದು ಪ್ರತಿಯನ್ನು ಉದ್ಯಮದವರು ನಿಮ್ಮ ಪಂಚಾಯಿತಿಗೆ ಕೊಡಲೇಬೇಕು. ಬಂದ ದಿನದಿಂದ 30 ದಿನ ಪಂಚಾಯಿತಿ ಅದನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಲೇಬೇಕು. ಕೇಂದ್ರ ಪರಿಸರ ಸಚಿವಾಲಯದ 2006ರ ಪರಿಸರ ಪರಿಣಾಮ ಅಧ್ಯಯನ (ಇಐಎ) ಅಧಿಸೂಚನೆಯಲ್ಲಿ, ಆಮೇಲಿನ ತಿದ್ದುಪಡಿ ಸೇರಿ, ಇದು ಬರೆದಿದೆ. ಅನುಮತಿಯನ್ನು ಪ್ರಶ್ನಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಲು ಇರುವ ಅವಧಿಯೂ 30 ದಿನವೇ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಮೇಲೆ 60 ದಿನ ಸಿಗಬಹುದು. ಅದೂ ಮುಗಿದರೆ ನಿಮ್ಮ ದೂರು ಎಷ್ಟೇ ನ್ಯಾಯವಾಗಿರಲಿ, ಮೇಲ್ಮನವಿ ದಾಖಲಾಗುವುದಿಲ್ಲ.

ಆದರೆ ಕಾಗದ ಬಂದ ದಿನ ಕಚೇರಿಯಲ್ಲಿ ಆಗುವುದು ಇಷ್ಟು: ಇನ್‌ವರ್ಡ್ ಸೀಲು ಬೀಳುತ್ತದೆ, ನಂಬರು ಹತ್ತುತ್ತದೆ. ಹತ್ತಾರು ಪುಟ, ಎಲ್ಲವೂ ಇಂಗ್ಲಿಷು. ಪಿಡಿಓ ಅವರಿಗೆ ಅವತ್ತೇ ತಾಲ್ಲೂಕಿನಲ್ಲಿ ಸಭೆ, ಎರಡು ಊರಲ್ಲಿ ಕೊಳವೆಬಾವಿಯ ಮೋಟರು ಸುಟ್ಟಿದೆ, ಇ-ಸ್ವತ್ತು ಸರ್ವರು ತೆರೆಯುತ್ತಿಲ್ಲ. ಕಾಗದ ಫೈಲು ಸೇರುತ್ತದೆ. ಕೆಲವು ತಿಂಗಳ ಮೇಲೆ ಮೊದಲ ಸಿಡಿಮದ್ದಿಗೆ ಮನೆಯ ಗೋಡೆ ಬಿರುಕು ಬಿಟ್ಟಾಗ ಜನ ಪಂಚಾಯಿತಿ ಬಾಗಿಲಿಗೆ ಬಂದು ಕೇಳುತ್ತಾರೆ: "ನೀವೆಲ್ಲ ಇದ್ದು ಹೇಗೆ ಬಿಟ್ಟಿರಿ?" ಅಧ್ಯಕ್ಷರಿಗೆ ಉತ್ತರ ತೋಚುವುದಿಲ್ಲ. ತಮ್ಮ ಕಚೇರಿಯ ಬೀರುವಿನಲ್ಲೇ ಉತ್ತರ ಇತ್ತೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ವಾದ ಇದು. ಪರಿಸರ ಕಾನೂನುಗಳು ಪಂಚಾಯಿತಿಯ ತಲೆಗೆ ಕೆಲಸ ಕಟ್ಟಿವೆ. ಕೆಲಸ ಕಟ್ಟಿದ ಸರ್ಕಾರವೇ ಅದನ್ನು ಅರ್ಥ ಮಾಡಿಸುವ ಹೊಣೆಯನ್ನೂ ಹೊರಬೇಕು. ಕಾಗದ ಕನ್ನಡದಲ್ಲಿ ಬರಬೇಕು, ಅವಧಿ ಮುಗಿಯುವ ಮೊದಲೇ ಬರಬೇಕು, ಕೇಳಿದರೆ ಹೇಳುವ ಒಬ್ಬ ಮನುಷ್ಯ ತಾಲ್ಲೂಕಿನಲ್ಲಿ ಇರಬೇಕು.

ನೋಟಿಸ್ ಬೋರ್ಡನ್ನು ಹಗುರವಾಗಿ ಕಾಣಬೇಡಿ. ಅರುಣಾಚಲ ಪ್ರದೇಶದ ತವಾಂಗ್ ಕಣಿವೆಯ ಜಲವಿದ್ಯುತ್ ಯೋಜನೆಯೊಂದರ ವಿರುದ್ಧ ಅಲ್ಲಿನ ಮೋನ್‌ಪಾ ಜನರ ಒಕ್ಕೂಟ ನ್ಯಾಯಮಂಡಳಿಗೆ ಹೋದಾಗ ಎದುರಾದ ಮೊದಲ ಪ್ರಶ್ನೆಯೇ "30 ದಿನ ಎಂದರೆ ಯಾವತ್ತಿನಿಂದ?" ಎಂಬುದು. ಆದೇಶವನ್ನು ಜನರಿಗೆ ತಿಳಿಸುವ ಹೊಣೆ ಸಚಿವಾಲಯಕ್ಕೂ ಇದೆ, ಉದ್ಯಮಕ್ಕೂ ಇದೆ, ಸ್ಥಳೀಯ ಸಂಸ್ಥೆಗೂ ಇದೆ; ಇವರಲ್ಲಿ ಯಾರಾದರೂ ಒಬ್ಬರು ಆ ಹೊಣೆಯನ್ನು ಪೂರ್ತಿ ನಿಭಾಯಿಸಿದ ಮೊದಲ ದಿನದಿಂದಲೇ ಎಣಿಕೆ ಎಂದು 2013ರಲ್ಲಿ ನ್ಯಾಯಮಂಡಳಿ ಹೇಳಿತು. ಆ ಜನ ಹೋರಾಟ ಬಿಡಲಿಲ್ಲ, 2016ರಲ್ಲಿ ಯೋಜನೆಯ ಅನುಮತಿ ಅಮಾನತಾಯಿತು. ನಮ್ಮಲ್ಲಿ ಅದೇ ಬೋರ್ಡಿನ ಮೇಲೆ ಹಳೆಯ ಪಲ್ಸ್ ಪೋಲಿಯೋ ಪೋಸ್ಟರು ಅಂಟಿಕೊಂಡಿರುತ್ತದೆ.

ಅಹವಾಲು ಸಭೆಗೆ ಹೋಗುವ ಮುಂಚೆ

ದೊಡ್ಡ ಯೋಜನೆಗಳಿಗೆ ಅನುಮತಿಗೆ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಎಲ್ಲದಕ್ಕೂ ನಡೆಯುವುದಿಲ್ಲ; ಸಣ್ಣ ವರ್ಗದ ಯೋಜನೆಗಳಿಗೆ ವಿನಾಯಿತಿ ಇದೆ. ನಡೆಯುವ ಕಡೆ ಏನೇನು ಆಗಬೇಕೆಂದು ಪಂಚಾಯಿತಿಯವರಿಗೆ ಗೊತ್ತಿದ್ದರೆ ಸಭೆಯ ದಿಕ್ಕೇ ಬೇರೆಯಾಗುತ್ತದೆ.

ಸಭೆಗೆ ಕನಿಷ್ಠ 30 ದಿನದ ನೋಟಿಸು ಬೇಕು, ಅದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಬರಬೇಕು. ಕರಡು ಇಐಎ ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಯಾರು ಬೇಕಾದರೂ ನೋಡುವಂತೆ ಇರಬೇಕು. ಸಭೆಗೆ ಬಂದ ಪ್ರತಿಯೊಬ್ಬರಿಗೂ ಉದ್ಯಮದವರನ್ನು ಪ್ರಶ್ನೆ ಕೇಳುವ ಹಕ್ಕಿದೆ. ಇಡೀ ನಡಾವಳಿಯ ವಿಡಿಯೋ ಆಗಬೇಕು. ಕೊನೆಗೆ ಜನ ಹೇಳಿದ್ದನ್ನೆಲ್ಲ ಬರೆದು, ಅದನ್ನು ಸಭೆಗೇ ಓದಿ, ಸ್ಥಳೀಯ ಭಾಷೆಯಲ್ಲಿ ವಿವರಿಸಿ, ಅದೇ ದಿನ ಸಹಿ ಹಾಕಬೇಕು. ಆ ನಡಾವಳಿಯೂ ನಿಮ್ಮ ಪಂಚಾಯಿತಿ ಕಚೇರಿಯಲ್ಲಿ ಪ್ರದರ್ಶನವಾಗಬೇಕು.

ಸಭೆಗೆ ಕೋರಂ ಬೇಕಿಲ್ಲ ಎಂಬುದು ಬಹಳ ಜನರಿಗೆ ತಿಳಿಯದ ಸಂಗತಿ. "ನಾವು ಯಾರೂ ಹೋಗುವುದಿಲ್ಲ, ಸಭೆ ತಾನಾಗಿ ರದ್ದಾಗುತ್ತದೆ" ಎಂದು ಊರಿಗೆ ಊರೇ ಬಹಿಷ್ಕಾರ ಹಾಕಿ ಕುಳಿತರೆ, ಖಾಲಿ ಶಾಮಿಯಾನದ ಕೆಳಗೂ ಸಭೆ ನಡೆಸಿ "ಆಕ್ಷೇಪಣೆ ಬಂದಿಲ್ಲ" ಎಂದು ಬರೆದುಕೊಂಡು ಹೋಗಬಹುದು. ಬಹಿಷ್ಕಾರ ಹಾಕುವುದು ನಿಮ್ಮ ಇಷ್ಟ. ಹಾಕುವುದಾದರೆ ಕಾರಣಗಳನ್ನು ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು, ಸ್ವೀಕೃತಿ ತೆಗೆದುಕೊಂಡು ಆಮೇಲೆ ಹಾಕಿ.

ಇನ್ನೊಂದು ಎಡವಟ್ಟು ಭಾಷೆಯದು. ವರದಿ ನೂರಾರು ಪುಟ ಇದ್ದರೂ ಕನ್ನಡದಲ್ಲಿ ಕೊಡಬೇಕಾದದ್ದು ಸಾರಾಂಶ ಮಾತ್ರ. ಸಾರಾಂಶದಲ್ಲಿ ಉದ್ಯೋಗ, ಹಸಿರು ಪಟ್ಟಿ, ಸಿಎಸ್‌ಆರ್ ಎಲ್ಲ ಚೆನ್ನಾಗಿ ಕಾಣುತ್ತವೆ. ನಿಮ್ಮ ಕೆರೆಗೆ ಯಾವ ಹಳ್ಳದ ನೀರು ಬರುತ್ತದೆ, ಅಂತರ್ಜಲ ಎಷ್ಟು ಎತ್ತುತ್ತಾರೆ, ಲಾರಿ ಯಾವ ದಾರಿಯಲ್ಲಿ ಎಷ್ಟು ಸಲ ಓಡುತ್ತದೆ ಎಂಬ ಲೆಕ್ಕಗಳಿಗೆ ಇಂಗ್ಲಿಷ್ ಪುಟಗಳನ್ನೇ ಬಿಡಿಸಬೇಕು. ಊರಿನ ಹಳ್ಳದ ಹೆಸರು ಆ ವರದಿಯಲ್ಲಿ ಸರಿಯಾಗಿದೆಯೇ ಎಂದು ಹೇಳಬಲ್ಲವರು ಊರಿನವರೇ ತಾನೇ? ಅವರ ಕೈಗೇ ಆ ಪುಟಗಳು ಸಿಗುವುದಿಲ್ಲ.

ದೆಹಲಿಯ ಧೋರಣೆ ಎಂಥದೆಂದು 2020ರಲ್ಲಿ ನೋಡಿದ್ದೇವೆ. ಇಐಎ ಅಧಿಸೂಚನೆಯನ್ನೇ ಬದಲಿಸುವ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬಂತು. ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಿ ಎಂದು ಜೂನ್ 30ರಂದು ದೆಹಲಿ ಹೈಕೋರ್ಟ್ ಆದೇಶಿಸಿತು. ಕೇಂದ್ರ ಸರ್ಕಾರ ಆ ಆದೇಶದ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು! ಸ್ಥಳೀಯ ಭಾಷೆಗಳಲ್ಲಿ ಪ್ರಚಾರ ಕೊಟ್ಟಿಲ್ಲ ಎಂಬ ವಿಷಯವನ್ನೇ ಹಿಡಿದು ನಮ್ಮ ಕರ್ನಾಟಕ ಹೈಕೋರ್ಟ್ ಆಗಸ್ಟ್ 5ರಂದು ಅಂತಿಮ ಅಧಿಸೂಚನೆ ಹೊರಡಿಸದಂತೆ ತಾತ್ಕಾಲಿಕವಾಗಿ ತಡೆಯಿತು. ಕನ್ನಡದಲ್ಲಿ ಕಾಗದ ಕೇಳುವುದು ಅಭಿಮಾನದ ಮಾತಷ್ಟೇ ಅಲ್ಲ, ನ್ಯಾಯಾಲಯ ಒಪ್ಪಿದ ಮಾತು.

ಓದದೆ ಬೇಡ ಎಂದದ್ದು, ಓದದೆ ಆಗಲಿ ಎಂದದ್ದು

ಪರಿಸರ ಕಾನೂನು ತಿಳಿದರೆ ಪಂಚಾಯಿತಿಗಳು ಎಲ್ಲದಕ್ಕೂ ಅಡ್ಡ ನಿಲ್ಲುತ್ತವೆ ಎಂಬ ಭಯ ಕೆಲವರಿಗಿದೆ. ಮಲೆನಾಡಿನ ಕಥೆ ನೋಡಿದರೆ ತಿಳಿಯದಿದ್ದಾಗಲೇ ಅಡ್ಡ ನಿಲ್ಲುವುದು ಹೆಚ್ಚು ಎನಿಸುತ್ತದೆ.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಮೊದಲು ಬಂದದ್ದು 2014ರ ಮಾರ್ಚ್‌ನಲ್ಲಿ, ಆರನೆಯ ಸಲ ಬಂದದ್ದು 2024ರ ಜುಲೈ 31ರಂದು. ಘಟ್ಟದ ಬಗ್ಗೆ ಕೇಂದ್ರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿಯ ಲೆಕ್ಕದಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರು, 1,576 ಹಳ್ಳಿ ಅದರಲ್ಲಿವೆ. ಪ್ರತಿ ಸಲವೂ ಆಕ್ಷೇಪಣೆಗೆ 60 ದಿನ. ಆ ಹಳ್ಳಿಗಳಲ್ಲಿ ಎಷ್ಟು ಪಂಚಾಯಿತಿಗಳು ಕರಡನ್ನು ಸಾಲು ಸಾಲಾಗಿ ಓದಿ ಚರ್ಚಿಸಿದವು? ಎಬ್ಬಿಸುತ್ತಾರಂತೆ, ದನ ಕಟ್ಟುವಂತಿಲ್ಲವಂತೆ, ಮನೆಗೆ ಹೆಂಚು ಹೊದೆಸುವಂತಿಲ್ಲವಂತೆ ಎಂಬ ಮಾತು ಕಾಗದಕ್ಕಿಂತ ಮುಂಚೆ ಊರು ಸೇರಿತ್ತು. ಕರಡಿನ ನಿಷೇಧದ ಪಟ್ಟಿಯಲ್ಲಿರುವುದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಹೆಚ್ಚು ಮಾಲಿನ್ಯದ) ಹೊಸ ಕಾರ್ಖಾನೆ, 20,000 ಚದರ ಮೀಟರಿಗೂ ಮೇಲಿನ ಕಟ್ಟಡ. ಗದ್ದೆ, ತೋಟ, ವಾಸದ ಮನೆ ಆ ಪಟ್ಟಿಯಲ್ಲಿಲ್ಲ.

ಹಾಗೆಂದು ವಿರೋಧಿಸಿದವರು ದಡ್ಡರು ಎನ್ನುವುದಿಲ್ಲ. ಅರಣ್ಯ ಇಲಾಖೆಯ ಜೊತೆ ಒಂದು ತಲೆಮಾರು ಏಗಿದ ರೈತನಿಗೆ ಇನ್ನೊಂದು ನಕ್ಷೆ ಕಂಡರೆ ಎದೆ ಧಸಕ್ಕೆನ್ನುವುದು ಸಹಜ. ವಿರೋಧಿಸುವ ಹಕ್ಕು ಅವರದು. ಆದರೆ "ನಮ್ಮ ಊರಿನ ಇಂಥ ಸರ್ವೆ ನಂಬರು ಕಾಡಲ್ಲ, ಇದನ್ನು ಬಿಡಿ" ಎಂದು ಬರೆದ ಆಕ್ಷೇಪಣೆಗೆ ಇರುವ ತೂಕ "ವರದಿ ಬೇಡವೇ ಬೇಡ" ಎಂಬ ಒಂದು ಸಾಲಿಗೆ ಇಲ್ಲ. ಇದೇ ಘಟ್ಟದ ಬಗ್ಗೆ 2011ರಲ್ಲಿ ಮೊದಲ ವರದಿ ಕೊಟ್ಟ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರೇ ಅದನ್ನು ಸ್ಥಳೀಯ ಭಾಷೆಗಳಿಗೆ ತಂದು ಗ್ರಾಮಸಭೆಗಳ ಮುಂದಿಡಿ ಎಂದು ಹೇಳುತ್ತಾ ಬಂದರು. ಆ ಕೆಲಸವನ್ನು ಸರಿಯಾಗಿ ಮಾಡಿದ್ದರೆ ಇಷ್ಟು ವರ್ಷದ ಜಗಳದಲ್ಲಿ ಅರ್ಧ ಇರುತ್ತಿರಲಿಲ್ಲ ಎಂಬುದು ನಮ್ಮ ನಂಬಿಕೆ.

ಇದರ ಮಗ್ಗುಲಿಗೇ, ಓದದೆ ಕೊಟ್ಟ ನಿರಾಕ್ಷೇಪಣಾ ಪತ್ರಗಳಿವೆ (ಎನ್‌ಒಸಿ). ಪಂಚಾಯಿತಿಯ ಎನ್‌ಒಸಿ ಬೇರೆ, ಮಾಲಿನ್ಯ ಮಂಡಳಿಯ ಸಮ್ಮತಿ ಬೇರೆ, ಪರಿಸರ ಅನುಮತಿ ಬೇರೆ. ಮೂರನ್ನೂ ಕಲಸಿ "ಎಲ್ಲ ಪರ್ಮಿಷನ್ ಆಗಿದೆ" ಎಂದು ಹೇಳುವವರು ಬರುತ್ತಾರೆ. ಕ್ವಾರಿಯವರು ಬಂದು "ಐದು ಹೆಕ್ಟೇರ್‌ಗಿಂತ ಕಡಿಮೆ, ಪರಿಸರ ಅನುಮತಿ ಬೇಡ" ಎಂದರೆ ನಂಬಬೇಡಿ. ಉಪಖನಿಜದ ಸಣ್ಣ ಗುತ್ತಿಗೆಗೂ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲೇ ಹೇಳಿದೆ. ಒಂದೊಂದೇ ತುಂಡಾಗಿ ಅರ್ಜಿ ಹಾಕಿ ಇಡೀ ಗುಡ್ಡ ಕರಗಿಸುವ ಉಪಾಯ ಹಳೆಯದು. ಅಕ್ಕಪಕ್ಕದ ಗುತ್ತಿಗೆಗಳನ್ನು ಒಟ್ಟುಗೂಡಿಸಿ ನೋಡಬೇಕು ಎಂಬ ನಿಯಮ ಅದಕ್ಕೇ ಬಂದಿದೆ. ಗುಡ್ಡದಲ್ಲಿ ಎಷ್ಟು ಗುತ್ತಿಗೆ ಇವೆ ಎಂದು ಬೆಂಗಳೂರಿನ ಮೇಜಿಗಿಂತ ಮೊದಲು ಗೊತ್ತಾಗುವುದು ನಿಮ್ಮ ವಾರ್ಡಿನ ಸದಸ್ಯರಿಗೆ.

ಅನುಮತಿ ಸಿಕ್ಕ ಮೇಲೂ ಕೆಲಸ ಮುಗಿಯುವುದಿಲ್ಲ. ಪತ್ರದಲ್ಲಿ ಷರತ್ತುಗಳಿರುತ್ತವೆ: ಧೂಳಿಗೆ ನೀರು ಹೊಡೆಯುವುದು, ಲಾರಿಗೆ ಟಾರ್ಪಾಲು, ಸಿಡಿಸುವ ಹೊತ್ತು, ನೆಡಬೇಕಾದ ಗಿಡ. ಇವನ್ನು ಪಾಲಿಸಿದ್ದೇವೆ ಎಂದು ಉದ್ಯಮದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ. (ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮಾತ್ರ. ಆದ್ದರಿಂದ ಪೀಠಿಕೆ ಬಿಟ್ಟು ನೇರ ಕೇಳಿ.) ವರದಿಯಲ್ಲಿ "ಸಾವಿರ ಗಿಡ ನೆಟ್ಟಿದ್ದೇವೆ" ಎಂದಿದ್ದರೆ ಹೋಗಿ ಎಣಿಸಲು ಯಾವ ಪದವಿಯೂ ಬೇಡ.

ಸದಸ್ಯರಿಗೆ ಅರ್ಥವಾಗುತ್ತದೆಯೇ?

ಎಂಟನೇ ತರಗತಿ ಓದಿದ ಸದಸ್ಯರಿಗೆ ಇದೆಲ್ಲ ತಲೆಗೆ ಹತ್ತುತ್ತದೆಯೇ ಎಂದು ಮೂಗು ಮುರಿಯುವವರಿದ್ದಾರೆ. ಆಸ್ತಿಯ ನಮೂನೆ 9 ಯಾವುದು, 11ಬಿ ಯಾವುದು, ಹಣಕಾಸು ಆಯೋಗದ ದುಡ್ಡಿನಲ್ಲಿ ಯಾವ ಕಾಮಗಾರಿ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಅದೇ ಸದಸ್ಯರು ನಿದ್ದೆಯಲ್ಲೂ ಹೇಳುತ್ತಾರೆ. ಬೇಕಾದದ್ದನ್ನು ಬೇಕಾದ ಭಾಷೆಯಲ್ಲಿ ಹೇಳಿಕೊಟ್ಟರೆ ಯಾರಿಗೂ ಕಷ್ಟವಿಲ್ಲ.

ಹೇಳಿಕೊಡದೆ ಗಡುವು ಹಾಕಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಎಂದಿತು. ಊರಿನ ಗಿಡ, ಮರ, ತಳಿ, ಔಷಧದ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡುವುದು ಅದರ ಕೆಲಸ. ವಾಣಿಜ್ಯಕ್ಕಾಗಿ ಸೀಗೆಕಾಯಿಯನ್ನೋ ಅಳಲೆಕಾಯಿಯನ್ನೋ ಒಯ್ಯುವವರಿಂದ ಶುಲ್ಕ ವಸೂಲಿ ಮಾಡುವ ಅಧಿಕಾರವನ್ನೂ ಕಾಯ್ದೆ ಕೊಟ್ಟಿದೆ. ಹದಿನೇಳು ವರ್ಷ ಕಳೆದರೂ ಕೆಲಸ ಮುಗಿಯದಾಗ, 2020ರ ಜನವರಿ 31ರೊಳಗೆ ಮುಗಿಸಿ, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಿ ಎಂದು ಹಸಿರು ನ್ಯಾಯಮಂಡಳಿ ಚಾಟಿ ಬೀಸಿತು. ದಂಡದ ಭಯಕ್ಕೆ ತುಂಬಿದ ದಾಖಲೆಯಲ್ಲಿ ಊರಿನ ನಾಟಿವೈದ್ಯರ ಮಾತು ಎಷ್ಟಿದೆ, ನಕಲು ಹೊಡೆದ ಪಟ್ಟಿ ಎಷ್ಟಿದೆ ಎಂದು ನಿಮ್ಮ ಪಂಚಾಯಿತಿಯ ಪ್ರತಿಯನ್ನೇ ತೆಗೆದು ನೋಡಿ. ಆ ಸಮಿತಿಯಲ್ಲಿ ನೀವೇ ಸದಸ್ಯರಾಗಿದ್ದರೂ ಆಶ್ಚರ್ಯವಿಲ್ಲ.

ಹೇಳಿಕೊಡಲು ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಸಂಸ್ಥೆ ಇದೆ. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಎನಿಸಿಕೊಂಡ ಮಂತ್ರಿ ಅವರು. ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳ ಸದಸ್ಯರಿಗೆ ತರಬೇತಿ ಕೊಡುವ ವ್ಯವಸ್ಥೆ ಆ ಸಂಸ್ಥೆಯ ಕೈಯಲ್ಲಿದೆ. ಹೊಸದಾಗಿ ಏನೂ ಕಟ್ಟಬೇಕಿಲ್ಲ. ಆ ತರಬೇತಿಯಲ್ಲಿ ಪರಿಸರ ಕಾನೂನಿಗೆ ಪೂರ್ತಿ ಒಂದು ದಿನ ಕೊಡಲಿ, ಆಯಾ ಜಿಲ್ಲೆಯದೇ ಒಂದು ಅನುಮತಿ ಪತ್ರ ಎದುರಿಗಿಟ್ಟು ಓದಿಸಲಿ. ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳದು. ತರಬೇತಿಗೆ ಸದಸ್ಯೆಯೇ ಬರಲಿ, ಆಕೆಯ ಗಂಡ ಬೇಡ. ಕುಡಿಯುವ ನೀರು ಕೆಟ್ಟದ್ದು ಮೊದಲು ಗೊತ್ತಾಗುವುದು ಆಕೆಗೆ.

ನೀವು ಮಾಡಬೇಕಾದ ಒಂದು ಕೆಲಸ ಇದೆ. ಮುಂದಿನ ಗ್ರಾಮಸಭೆಯಲ್ಲಿ ಈ ಠರಾವು ಮಂಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ:

"ನಮ್ಮ ಪಂಚಾಯಿತಿ ವ್ಯಾಪ್ತಿಗೆ ಸಂಬಂಧಿಸಿದ ಪ್ರತಿ ಇಐಎ ವರದಿ ಮತ್ತು ಪರಿಸರ ಅನುಮತಿ ಪತ್ರವನ್ನು ಪೂರ್ತಿಯಾಗಿ ಕನ್ನಡದಲ್ಲಿ ಒದಗಿಸಬೇಕು. ಅವನ್ನು ಸದಸ್ಯರಿಗೂ ಗ್ರಾಮಸ್ಥರಿಗೂ ವಿವರಿಸಲು ತಾಲ್ಲೂಕು ಮಟ್ಟದಲ್ಲಿ ಒಬ್ಬ ತಿಳಿದ ಅಧಿಕಾರಿಯನ್ನು ಗೊತ್ತುಪಡಿಸಬೇಕು. ಇಂಥ ಪ್ರತಿ ಕಾಗದಕ್ಕೂ ಪಂಚಾಯಿತಿ ಪ್ರತ್ಯೇಕ ವಹಿ ಇಟ್ಟು, ಬಂದ ದಿನಾಂಕ ನಮೂದಿಸಿ, ಒಂದು ವಾರದೊಳಗೆ ವಾರ್ಡ್ ಸಭೆಯಲ್ಲಿ ಓದಿ ಹೇಳತಕ್ಕದ್ದು."

ಠರಾವಿನ ಪ್ರತಿಯನ್ನು ಜಿಲ್ಲಾ ಪಂಚಾಯಿತಿ ಸಿಇಓ, ಜಿಲ್ಲಾಧಿಕಾರಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ನಿಮ್ಮ ಶಾಸಕರಿಗೆ ಕಳಿಸಿ. ಸ್ವೀಕೃತಿ ಇಲ್ಲದೆ ಯಾರ ಕೈಗೂ ಕೊಡಬೇಡಿ. ಪಕ್ಕದ ಪಂಚಾಯಿತಿಯವರಿಗೂ ಒಂದು ಪ್ರತಿ ಕೊಡಿ, ಹಳ್ಳದ ನೀರು ಅವರ ಕಡೆಗೂ ಹರಿಯುತ್ತದೆ.